ಅಂಗಡಿಯ ಪಟ್ಟಿಯಲ್ಲಿ ಅಟ್ಟದ ಕೊಬ್ಬರಿ

ಚಿಲ್ಲರೆ ವ್ಯಾಪಾರಕ್ಕೆ ಯಾವ ಕಚ್ಚಾವಸ್ತು ನಿರ್ಣಾಯಕ ಎಂದು ಚರ್ಚಿಸುವ ಈ ಸಂಕಿರಣಕ್ಕೆ ತಿಪಟೂರಿಗಿಂತ ತಕ್ಕ ಊರು ಸಿಗುವುದು ಕಷ್ಟ. ಯುರೋಪಿಯನ್ ಒಕ್ಕೂಟ 2011ರಲ್ಲಿ 14 ನಿರ್ಣಾಯಕ ಕಚ್ಚಾವಸ್ತುಗಳ ಪಟ್ಟಿ ಹೊರಡಿಸಿತು. ಭಾರತ 2023ರಲ್ಲಿ ಅಂಥ 30 ಖನಿಜಗಳನ್ನು ಹೆಸರಿಸಿತು. ಇದಿಲ್ಲದಿದ್ದರೆ ಏನೇನು ನಿಲ್ಲುತ್ತದೆ, ಇದರ ಪೂರೈಕೆ ಕೈಕೊಡುವ ಸಂಭವ ಎಷ್ಟು ಎಂಬುದು ಅಲ್ಲಿನ ಲೆಕ್ಕಾಚಾರ. ಲಿಥಿಯಂ, ಕೋಬಾಲ್ಟ್‌ಗೆ ಹಾಕುವ ಈ ಒರೆಯನ್ನು ದಿನಸಿ ಅಂಗಡಿಗೂ ಹಾಕಬೇಕು. ವಹಿವಾಟಿನ ಮೊತ್ತ ನೋಡಿದರೆ ಅಕ್ಕಿ, ಎಣ್ಣೆ ಮೇಲೆ ಬರುತ್ತವೆ, ಕೊಬ್ಬರಿ ಗಿಟುಕು ಎಲ್ಲೋ ಕೆಳಗೆ ಉಳಿಯುತ್ತದೆ. ಆದರೆ ಬರೀ ಮೊತ್ತ ನೋಡಿದರೆ ಮೋಸಹೋದಂತೆ.

ಎಣ್ಣೆ ಗಾಣಕ್ಕೆ ಹೋಗುವ ಹೋಳು ಕೊಬ್ಬರಿ ಕೆಲವು ದಿನಗಳ ಬಿಸಿಲಿಗೆ ತಯಾರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಉಂಡೆ ಕೊಬ್ಬರಿಯ, ಅಂದರೆ ಗಿಟುಕಿನ, ದಾರಿಯೇ ಬೇರೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸುತ್ತಾರೆ. ಎಂಟು ತಿಂಗಳೋ, ಹತ್ತೋ, ವರ್ಷವೋ, ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಮಟ್ಟೆ ಸುಲಿದು, ಗಿಟುಕು ಒಡೆಯದಂತೆ ಚಿಪ್ಪು ಬಿಡಿಸಬೇಕು. ಕೈತಪ್ಪಿ ಏಟು ಬಿದ್ದರೆ ಒಡಕು; ಒಳಗೇ ಕೆಟ್ಟಿದ್ದರೆ ಕೌಟು. ಎರಡಕ್ಕೂ ದರ ಬೀಳುತ್ತದೆ.

ಸರ್ಕಾರವೂ ಇವೆರಡನ್ನು ಒಂದೇ ಸರಕೆಂದು ಎಣಿಸುವುದಿಲ್ಲ. 2024ರ ಹಂಗಾಮಿಗೆ ಹೋಳಿನ ಬೆಂಬಲ ಬೆಲೆ ಕ್ವಿಂಟಾಲಿಗೆ 11,160 ರೂಪಾಯಿ, ಉಂಡೆಗೆ 12,000.

ಉತ್ತರ ಭಾರತದ ಮದುವೆ, ಹೋಳಿ, ದೀಪಾವಳಿಗೆ ಹೋಗುವ ಗಿಟುಕಿನ ಜಾಗದಲ್ಲಿ ಹೋಳನ್ನಿಡಲು ಬರುವುದಿಲ್ಲ. ಬೇಡಿಕೆ ಬಂತೆಂದು ಅಟ್ಟದ ಕಾಯಿಯನ್ನು ಅವಸರಪಡಿಸಲೂ ಬರುವುದಿಲ್ಲ. ಆದ್ದರಿಂದ ಆದ್ಯತೆ ಕೊಡುವಾಗ ಮೊದಲು ಕೇಳಬೇಕಾದದ್ದು ಇದು: ಸರಕು ತೀರಿದರೆ ಮತ್ತೆ ಸಿಗಲು ಎಷ್ಟು ಕಾಲ ಬೇಕು?

ಬೆಲೆಯ ಏರಿಳಿತದಲ್ಲಿ ಈ ಕಾಲದ ಪೆಟ್ಟು ಕಾಣುತ್ತದೆ. 2023ರಲ್ಲಿ ಉಂಡೆಯ ಬೆಂಬಲ ಬೆಲೆ 11,750 ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗೆ ಕುಸಿದು, ರೈತರು ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿಗಾಗಿ ಕಾದರು. 2025ರ ಮಧ್ಯಭಾಗದಲ್ಲಿ ಅದೇ ಸರಕು 25 ಸಾವಿರ ದಾಟಿತು. ಕಪ್ಪುತಲೆ ಹುಳು, ಬಿಳಿನೊಣ, ಕಾಂಡ ಸೋರುವ ರೋಗ ಇಳುವರಿ ತಿಂದದ್ದು ಒಂದು ಕಾರಣ. ಎಳನೀರು ಇನ್ನೊಂದು. ಮದ್ದೂರಿನ ಮಾರುಕಟ್ಟೆಯಲ್ಲಿ ಎಳನೀರಿಗೆ ಒಳ್ಳೆ ದರ ಸಿಕ್ಕರೆ ರೈತ ಕಾಯಿ ಬಲಿಯುವ ತನಕ ಏಕೆ ಕಾಯಬೇಕು? ಕೈಗೆ ರೊಕ್ಕ ತಕ್ಷಣ ಬರುತ್ತದೆ, ಅಟ್ಟ ಖಾಲಿ ಬೀಳುತ್ತದೆ. ಇದನ್ನು ರೈತನ ದುರಾಸೆ ಎನ್ನುವವರು ತಿಂಗಳುಗಟ್ಟಲೆ ಕಾಯಿ ಕೂಡಿಟ್ಟು ಅಗ್ಗಕ್ಕೆ ಮಾರಿದವರ ಲೆಕ್ಕ ನೋಡಿದವರಲ್ಲ.

ಎಪಿಎಂಸಿಯ ಲೆಕ್ಕದಲ್ಲಿ ಆವಕ ಸಿಗುತ್ತದೆ, ದರ ಸಿಗುತ್ತದೆ. ಮನೆಮನೆಯ ಅಟ್ಟದಲ್ಲಿರುವ ಕಾಯಿ ಅದರಲ್ಲಿ ಸೇರುವುದಿಲ್ಲ. ಈ ಸಂಕಿರಣದ ಮೊದಲ ಗೋಷ್ಠಿ ಮೂರೂ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಅಟ್ಟದ ದಾಸ್ತಾನು ಎಣಿಸುವ ಮಾದರಿಯೊಂದನ್ನು ರೂಪಿಸಲಿ, ಪಕ್ಕದಲ್ಲೇ ಮದ್ದೂರಿನ ಎಳನೀರಿನ ದರವನ್ನೂ ಬರೆದಿಡಲಿ. ಮುಂದಿನ ದೀಪಾವಳಿಗೆ ಸರಕು ಕಾಯ್ದಿರಿಸುವ ವರ್ತಕರಿಗೆ ಈ ಎರಡು ಅಂಕಿ ಈಗಲೇ ಬೇಕು.