ಧೋಲಾವೀರ: ಎರಡು ಹಳ್ಳಗಳ ನಡುವಿನ ಊರು

ಇವತ್ತು ಗುಜರಾತಿನ ಕಛ್ ಕಡೆಗೆ ಹೋಗೋಣ. ಅಲ್ಲಿನ ದೊಡ್ಡ ರಣ್ ಎಂದರೆ ಕಣ್ಣು ಹಾಯುವಷ್ಟು ದೂರ ಬರೀ ಉಪ್ಪು. ಅದರ ನಡುವೆ ಖಡೀರ್ ಎಂಬ ನಡುಗಡ್ಡೆ, ಆ ನಡುಗಡ್ಡೆಯಲ್ಲಿ ಧೋಲಾವೀರ. ಸುಮಾರು 5,000 ವರ್ಷಗಳ ಹಿಂದೆ ಸಿಂಧೂ ನಾಗರಿಕತೆಯ ಜನ ಇಲ್ಲಿ ಊರು ಕಟ್ಟಿದರು. ಇಂಥ ಜಾಗದಲ್ಲಿ ಊರೇ ಎಂದು ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ವರ್ಷವಿಡೀ ಹರಿಯುವ ನದಿ ಹತ್ತಿರದಲ್ಲೆಲ್ಲೂ ಇಲ್ಲ. ಇರುವುದು ಎರಡೇ ಹಳ್ಳ, ಉತ್ತರಕ್ಕೆ ಮಾನ್ಸರ್, ದಕ್ಷಿಣಕ್ಕೆ ಮನ್ಹರ್. ಮಳೆ ಬಿದ್ದರೆ ನಾಲ್ಕು ದಿನ ಹರಿದಾವು, ಆಮೇಲೆ ಬರೀ ಮರಳು. ಆ ನಾಲ್ಕು ದಿನದ ನೀರನ್ನೇ ನಂಬಿ ಊರು ನಿಂತಿತ್ತು. ಹಳ್ಳಗಳಿಗೆ ಅಡ್ಡಗಟ್ಟೆ ಹಾಕಿ ನೀರನ್ನು ಕೋಟೆಯೊಳಕ್ಕೆ ತಿರುಗಿಸಿದರು. ಕೋಟೆಗೋಡೆಯ ಒಳಮಗ್ಗುಲಲ್ಲಿ ಸಾಲಾಗಿ ಕೆರೆಗಳು. ನೆಲದ ಇಳಿಜಾರು ಹೇಗಿತ್ತೋ ಹಾಗೇ ಒಂದು ತುಂಬಿ ಇನ್ನೊಂದಕ್ಕೆ ಹರಿಯುವ ಏರ್ಪಾಡು. ಪೂರ್ವದ ಕೆರೆಯೊಂದೇ 73 ಮೀಟರ್ ಉದ್ದ, 29 ಮೀಟರ್ ಅಗಲ. ಮೂಲೆಯಲ್ಲಿ ಕಲ್ಲಿನ ಮೆಟ್ಟಿಲು, ನಮ್ಮ ಕಲ್ಯಾಣಿಗಳಲ್ಲಿ ಇಳಿಯುವಂತೆಯೇ ಇಳಿಯಬೇಕು. ಇನ್ನೊಂದು ಕಡೆ ಬಂಡೆಯನ್ನೇ ಕಡಿದು ತೊಟ್ಟಿ ಮಾಡಿದ್ದಾರೆ. ಕಬ್ಬಿಣ ಕಾಣದ ಕಾಲ ಅದು ಎಂಬುದನ್ನು ಮರೆಯಬೇಡಿ.

ಮೊಹೆಂಜೊದಾರೋದ ಇಟ್ಟಿಗೆ ಚರಂಡಿಗಳ ಪಾಠವನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಧೋಲಾವೀರದ ಮೋರಿಗಳು ಹೆಚ್ಚಾಗಿ ಕಲ್ಲಿನವು. ಎತ್ತರದ ಕೋಟೆಯ ಅಡಿಯಲ್ಲಿ ಹಾದುಹೋಗುವ ಒಂದು ಮೋರಿಯಲ್ಲಂತೂ ಆಳು ನಡೆದುಹೋಗಬಹುದು. ಆದರೆ ಅದು ಕೊಳಚೆಯದಲ್ಲ, ಮಳೆನೀರಿನದು! ಕೋಟೆಯ ಮೇಲೆ ಬಿದ್ದ ಹನಿಯೂ ಪೋಲಾಗದೆ ಕೆರೆ ಸೇರಬೇಕಿತ್ತು. ಮನೆಯ ಬಚ್ಚಲ ನೀರಿಗೆ ಬೇರೆಯೇ ದಾರಿ: ಹೊರಗೆ ಬೀದಿಯಲ್ಲಿ ಹೂತಿಟ್ಟ ಮಡಕೆಗಳು. ಕುಡಿಯುವ ನೀರಿನ ಪಕ್ಕದಲ್ಲಿ ಕೊಳೆ ಸುಳಿಯಬಾರದೆಂಬ ಎಚ್ಚರ ಇದರಲ್ಲಿ ನನಗೆ ಕಾಣುತ್ತದೆ.

ಜಗತ್‌ಪತಿ ಜೋಶಿ ಎಂಬ ಪುರಾತತ್ವಜ್ಞರು ಈ ತಾಣವನ್ನು ಗುರುತಿಸಿದ್ದು 1960ರ ದಶಕದ ಕೊನೆಯಲ್ಲಿ. 1990ರ ಸುಮಾರಿಗೆ ಆರ್.ಎಸ್. ಬಿಷ್ಟ್ ಅವರ ತಂಡ ಅಗೆತ ಶುರುಮಾಡಿತು. 2021ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೋದರೆ ಕೋಟೆಯ ಮೇಲಿನ ಬಾವಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಅಂಚಿನ ಚಪ್ಪಡಿಯಲ್ಲಿ ಆಳವಾದ ಗೀರುಗಳಿವೆ. ಯಾವ ಶಿಲ್ಪಿಯೂ ಕೆತ್ತಿದ್ದಲ್ಲ, ನೀರು ಸೇದುವ ಹಗ್ಗ ಉಜ್ಜಿ ಉಜ್ಜಿ ಬಿದ್ದವು. ಅಜ್ಜಿಮನೆಯ ಬಾವಿಕಟ್ಟೆ ನೋಡಿದವರಿಗೆ ಆ ಗೀರಿನಲ್ಲಿ ಬೆರಳಿಟ್ಟು ನೋಡಬೇಕು ಅನ್ನಿಸದೆ ಇರದು.