ಗಾಯಗೊಂಡವರ ಊರು, ನ್ಯಾಯಾಲಯದ ಭಾಷೆ

(ಉಪನ್ಯಾಸದ ಲಿಖಿತ ರೂಪ)



ಭೂಮಿ, ಮೀಸಲಾತಿ, ಅಭಿವ್ಯಕ್ತಿ ಸ್ವಾತಂತ್ರ್ಯಗಳ ಬಗ್ಗೆ ಚರ್ಚಿಸುವ ವೇದಿಕೆಗಳಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಹೆಸರು ಕೇಳಿಬರುವುದು ಅಪರೂಪ. ಆ ವಿಷಯ ನೀರಸವೆಂದೂ, ವಕೀಲರಿಗೆ ಮತ್ತು ವಿಮಾ ಕಂಪನಿಗಳಿಗೆ ಸೇರಿದ್ದೆಂದೂ ಭಾವಿಸಲಾಗಿದೆ. ಆದರೆ ಎಷ್ಟೋ ಬಡ ಕುಟುಂಬಗಳು ನ್ಯಾಯಾಲಯದ ಮೆಟ್ಟಿಲನ್ನು ಆರೋಪಿಗಳಾಗಿ ಅಲ್ಲದೆ ಹಕ್ಕುದಾರರಾಗಿ ಹತ್ತುವುದು ಅಲ್ಲಿ ಮಾತ್ರ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರೇ ಈ ನ್ಯಾಯಮಂಡಳಿಯನ್ನೂ ನಡೆಸುತ್ತಾರೆ. ಜಿಲ್ಲೆ, ತಾಲ್ಲೂಕುಗಳಲ್ಲಿ ಸಾಮಾನ್ಯ ಸಿವಿಲ್ ನ್ಯಾಯಾಧೀಶರಿಗೆ ಆ ಹೊಣೆ ಸೇರಿರುತ್ತದೆ. ಕೈಕಾಲು ಕಳೆದುಕೊಂಡವರು, ದುಡಿಯುವ ಮಗನನ್ನು ಕಳೆದುಕೊಂಡವರು ಬಂದು ನಿಲ್ಲುವ ಅಂಥ ಕೋಣೆಗಳಲ್ಲಿ ಪರಿಹಾರದ ಮೊತ್ತಕ್ಕಿಂತ ಮೊದಲೇ ಏಳುವ ಪ್ರಶ್ನೆ ಒಂದುಂಟು: ಈ ದಾವೆ ನಡೆಯಬೇಕಾದದ್ದು ಯಾವ ಊರಿನಲ್ಲಿ?

1939ರ ಮೋಟಾರು ವಾಹನ ಕಾಯ್ದೆಯ ಉತ್ತರ ಸರಳವಾಗಿತ್ತು. ಅಪಘಾತ ನಡೆದ ಜಾಗ ಯಾವ ನ್ಯಾಯಮಂಡಳಿಯ ವ್ಯಾಪ್ತಿಗೆ ಬರುತ್ತದೆಯೋ ಅಲ್ಲಿಗೇ ಅರ್ಜಿ. 1988ರ ಕಾಯ್ದೆಯೂ ಮೊದಲಿಗೆ ಅದನ್ನೇ ಉಳಿಸಿಕೊಂಡಿತು. ಕಾನೂನಿನ ಕಣ್ಣಿಗೆ ಇದು ತಾರ್ಕಿಕ: ಪೊಲೀಸ್ ಠಾಣೆ ಅಲ್ಲಿದೆ, ಸಾಕ್ಷಿಗಳು ಅಲ್ಲಿದ್ದಾರೆ, ರಸ್ತೆಯೂ ಅಲ್ಲೇ ಇದೆ. ಗಾಯಗೊಂಡವನು ಮಾತ್ರ ಅಲ್ಲಿಲ್ಲ. ಕಲಬುರಗಿಯ ಹಳ್ಳಿಯೊಂದರಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದ ಕೂಲಿಕಾರನೊಬ್ಬ ಅಲ್ಲಿ ಲಾರಿಯಡಿ ಸಿಕ್ಕು ಸತ್ತನೆಂದುಕೊಳ್ಳಿ. ಶವ ಊರಿಗೆ ಬರುತ್ತದೆ, ಹೆಂಡತಿ ಮಕ್ಕಳು ಊರಿಗೆ ಬರುತ್ತಾರೆ. ದಾವೆ ಪುಣೆಯಲ್ಲಿ ಉಳಿಯುತ್ತದೆ. ಪ್ರತಿ ವಾಯಿದೆಗೂ ಒಂದು ರಾತ್ರಿಯ ರೈಲು, ಒಂದು ದಿನದ ಕೂಲಿ ನಷ್ಟ, ಗುರುತಿಲ್ಲದ ವಕೀಲ, ಮರಾಠಿಯ ಕಡತ. ಮೂರು ವಾಯಿದೆಗಳಾದ ಮೇಲೆ ವಿಮಾ ಕಂಪನಿ ಮುಂದಿಡುವ ರಾಜಿಯ ಮೊತ್ತ ಎಷ್ಟೇ ಸಣ್ಣದಾಗಿದ್ದರೂ ದೊಡ್ಡದಾಗಿಯೇ ಕಾಣುತ್ತದೆ.

ಇದನ್ನು ಬದಲಿಸಿದ್ದು 1994ರ ತಿದ್ದುಪಡಿ. ಅರ್ಜಿದಾರರು ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನಲ್ಲಿ, ಇಲ್ಲವೇ ಎದುರುದಾರ ವಾಸಿಸುವ ಊರಿನಲ್ಲಿ, ಇಲ್ಲವೇ ಅಪಘಾತದ ಸ್ಥಳದಲ್ಲಿ ದಾವೆ ಹೂಡಬಹುದೆಂದು 166ನೆಯ ಪ್ರಕರಣಕ್ಕೆ ಸೇರಿಸಲಾಯಿತು. ಆಯ್ಕೆ ಗಾಯಗೊಂಡವರದು. ಹೆಚ್ಚು ಸದ್ದಿಲ್ಲದೆ ಬಂದ ಈ ಬದಲಾವಣೆ ವಲಸೆ ಕಾರ್ಮಿಕರ ಪಾಲಿಗೆ ಯಾವ ಕಲ್ಯಾಣ ಯೋಜನೆಗೂ ಕಡಿಮೆಯದಲ್ಲ. ಯುರೋಪಿನಲ್ಲಿ ನೆಲೆಸಿರುವವರು ಇದನ್ನು ಹೋಲಿಸಿ ನೋಡಬಹುದು: ನೆದರ್ಲೆಂಡ್ಸಿನಲ್ಲಿ ಅಪಘಾತಕ್ಕೀಡಾದ ಜರ್ಮನಿಯ ನಿವಾಸಿ ಆ ದೇಶದ ವಿಮಾ ಕಂಪನಿಯ ಮೇಲೆ ಜರ್ಮನಿಯಲ್ಲೇ ದಾವೆ ಹೂಡಬಹುದೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿದ್ದು 2007ರ ಡಿಸೆಂಬರಿನಲ್ಲಿ.

ಕಾನೂನು ಕೊಟ್ಟ ಆಯ್ಕೆಯನ್ನು ವಿಮಾ ಕಂಪನಿಗಳು ಸುಲಭವಾಗಿ ಒಪ್ಪಲಿಲ್ಲ. ಹೂಗ್ಲಿಯಲ್ಲಿ ನಡೆದ ಅಪಘಾತವೊಂದರ ದಾವೆ ಕೋಲ್ಕತ್ತದಲ್ಲಿ ನಡೆದು ಪರಿಹಾರವೂ ಘೋಷಣೆಯಾದ ಮೇಲೆ, ಕೋಲ್ಕತ್ತಕ್ಕೆ ಅಧಿಕಾರವ್ಯಾಪ್ತಿಯೇ ಇಲ್ಲವೆಂದು ಕಂಪನಿ ವಾದಿಸಿತು. ಉಚ್ಚ ನ್ಯಾಯಾಲಯ ಒಪ್ಪಿ ಪರಿಹಾರವನ್ನು ರದ್ದುಪಡಿಸಿತು. ಆ ಕಂಪನಿಯ ಕಚೇರಿ ಇದ್ದದ್ದು ಕೋಲ್ಕತ್ತದಲ್ಲಿಯೇ! 2016ರಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು ಮರಳಿ ಕೊಡಿಸಿತು. ಇಂಥ ತಾಂತ್ರಿಕ ಆಕ್ಷೇಪ ಸಂತ್ರಸ್ತರಿಗಾಗಿ ಮಾಡಿದ ಕಾನೂನಿನ ಉದ್ದೇಶವನ್ನೇ ಕೆಡಿಸುತ್ತದೆ ಎಂಬುದು ಅದರ ನಿಲುವು.

ಇನ್ನು ವರ್ಗಾವಣೆಯ ಮಾತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೆಯ ಪ್ರಕರಣದಂತೆ ಜಿಲ್ಲೆಯೊಳಗಿನ ದಾವೆಯನ್ನು ಜಿಲ್ಲಾ ನ್ಯಾಯಾಲಯವೂ, ರಾಜ್ಯದೊಳಗಿನದನ್ನು ಉಚ್ಚ ನ್ಯಾಯಾಲಯವೂ ಒಂದು ಅಧೀನ ನ್ಯಾಯಾಲಯದಿಂದ ಮತ್ತೊಂದಕ್ಕೆ ಕಳುಹಿಸಬಹುದು. ರಾಜ್ಯದ ಗಡಿ ದಾಟಬೇಕಾದರೆ 25ನೆಯ ಪ್ರಕರಣ. ಅದಕ್ಕೆ ದೆಹಲಿಗೇ ಹೋಗಬೇಕು. ಪುಣೆಯಿಂದ ಕಲಬುರಗಿಗೆ ಕಡತವೊಂದು ಬರಲು ಸುಪ್ರೀಂ ಕೋರ್ಟಿನ ವಕೀಲರ ಶುಲ್ಕ ತೆರಬೇಕೆಂದರೆ ಯಾರಿಗೆ ಅನುಕೂಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

2022ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಅಬ್ದುಲ್ ನಜೀರ್ ಮತ್ತು ಜೆ.ಕೆ. ಮಾಹೇಶ್ವರಿ ಅವರ ಪೀಠ ಈ ಭಾರವನ್ನು ಕೊಂಚ ಇಳಿಸಿತು. ನಜೀರ್ ದಕ್ಷಿಣ ಕನ್ನಡದವರು ಎಂಬುದನ್ನು ಇಲ್ಲಿ ನೆನೆದರೆ ತಪ್ಪಿಲ್ಲ. ಒಂದೇ ಅಪಘಾತದ ಬಗ್ಗೆ ಬೇರೆ ಬೇರೆ ರಾಜ್ಯಗಳಲ್ಲಿ ಅರ್ಜಿಗಳಿದ್ದರೆ ಮೊದಲು ಹೂಡಿದ್ದು ಉಳಿಯುತ್ತದೆ. ನಂತರದವು ತಾವಾಗಿ ಅಲ್ಲಿಗೆ ವರ್ಗವಾಗುತ್ತವೆ. ಅರ್ಜಿದಾರರು ವರ್ಗಾವಣೆಗಾಗಿ ಸುಪ್ರೀಂ ಕೋರ್ಟಿಗೆ ಬರಬೇಕಿಲ್ಲ. ಸ್ವಾಗತಾರ್ಹವಾದ ನಿರ್ದೇಶನವೇ. ಆದರೂ 'ಮೊದಲು' ಎಂಬ ಪದ ಕಣ್ಣಿಲ್ಲದ್ದು. ಗಂಡ ಸತ್ತ ಮೇಲೆ ತವರಿಗೆ ಬಂದ ಹೆಣ್ಣುಮಗಳು ಸೂತಕದಲ್ಲಿರುವಾಗಲೇ ಮಾವನ ಮನೆಯವರು ಸೊಲ್ಲಾಪುರದಲ್ಲಿ ಅರ್ಜಿ ಹಾಕಿಬಿಟ್ಟರೆ, ಕಲಬುರಗಿಯಲ್ಲಿ ಆಕೆ ಹಾಕುವ ಅರ್ಜಿ ರೈಲು ಹತ್ತುತ್ತದೆ. ಅಲ್ಲಿ ಮಾವನ ಮನೆಯವರ ವಕೀಲರ ಎದುರು ನಿಂತು ಆಕೆ ತನ್ನ ಪಾಲು ಕೇಳಬೇಕು. ಒಂದೇ ಕುಟುಂಬದ ಹಕ್ಕುದಾರರೆಲ್ಲರ ಹಿತ ಒಂದೇ ಎಂಬ ಊಹೆ ಆ ನಿಯಮದ ತಳದಲ್ಲಿದೆ. ಹೆಣ್ಣುಮಕ್ಕಳ ಅನುಭವ ಬೇರೆಯದನ್ನು ಹೇಳುತ್ತದೆ.

ಊರಿನ ಪ್ರಶ್ನೆ ಭಾಷೆಯ ಪ್ರಶ್ನೆಯೂ ಹೌದೆಂಬುದು ನಿಚ್ಚಳವಾದದ್ದು 2023ರ ಜುಲೈನಲ್ಲಿ. ಅಪಘಾತ ನಡೆದದ್ದು ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ. ಅರ್ಜಿದಾರರು ದಾವೆ ಹೂಡಿದ್ದು ಉತ್ತರ ಪ್ರದೇಶದ ಫತೇಗಢದಲ್ಲಿ. ವಾಹನದ ಮಾಲೀಕ ಅದನ್ನು ಡಾರ್ಜಿಲಿಂಗಿಗೆ ವರ್ಗಾಯಿಸಲು ಕೇಳಿದ. ತನ್ನ ಸಾಕ್ಷಿಗಳೆಲ್ಲ ಸಿಲಿಗುರಿಯವರು, ಅವರಿಗೆ ಭಾಷೆ ತೊಡಕಾಗುತ್ತದೆ ಎಂಬುದು ಅವನ ವಾದಗಳಲ್ಲೊಂದು. ನ್ಯಾಯಮೂರ್ತಿ ದೀಪಂಕರ್ ದತ್ತ ಅರ್ಜಿಯನ್ನು ತಿರಸ್ಕರಿಸಿದರು. ಆಯ್ಕೆ ಅರ್ಜಿದಾರರದು, ಅವರು ಕಾನೂನು ಕೊಟ್ಟ ಊರನ್ನೇ ಆರಿಸಿಕೊಂಡಿದ್ದಾರೆ ಎಂದರು. ಅಷ್ಟು ಸರಿ. ಆದರೆ ಅಲ್ಲಿಗೆ ನಿಲ್ಲದೆ, ಹಿಂದಿ ರಾಷ್ಟ್ರಭಾಷೆಯಾದ್ದರಿಂದ ಸಾಕ್ಷಿಗಳು ಹಿಂದಿಯಲ್ಲಿ ಹೇಳಿಕೆ ಕೊಡುವರೆಂದು ನಿರೀಕ್ಷಿಸಬಹುದೆಂದೂ ಬರೆದರು.

ಸಂವಿಧಾನದಲ್ಲಿ ರಾಷ್ಟ್ರಭಾಷೆ ಎಂಬುದಿಲ್ಲ. 343ನೆಯ ವಿಧಿ ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆಯೆಂದಿದೆ, ಅಷ್ಟೇ. ಸಿವಿಲ್ ಸಂಹಿತೆಯ 137ನೆಯ ಪ್ರಕರಣವೂ ಅಧೀನ ನ್ಯಾಯಾಲಯದ ಭಾಷೆಯನ್ನು ನಿಗದಿಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಡಾರ್ಜಿಲಿಂಗಿಗೆ ಹೋದರೆ ಹಿಂದಿ ಬಲ್ಲ ಅರ್ಜಿದಾರರಿಗೆ ಬಂಗಾಳಿಯಲ್ಲಿ ಮಾತನಾಡಲಾಗದೆ ತೊಂದರೆಯಾಗುತ್ತದೆ ಎಂದು ಅದೇ ಆದೇಶ ಹೇಳುತ್ತದೆ. ಹಿಂದಿಯವರಿಗೆ ಬಂಗಾಳಿ ತೊಡಕು. ಬಂಗಾಳಿಯವರಿಗೆ ಹಿಂದಿ ಕರ್ತವ್ಯ. ಫತೇಗಢದ ಕುಟುಂಬದ ಪರವಾಗಿ ನಿಲ್ಲಲು ಇಂಥ ಅಸಮ ತಕ್ಕಡಿಯ ಅಗತ್ಯವೇ ಇರಲಿಲ್ಲ. 1994ರ ತಿದ್ದುಪಡಿಯೊಂದೇ ಸಾಕಿತ್ತು. ದುಭಾಷಿಯನ್ನು ಒದಗಿಸಿ ಎಂಬ ಒಂದು ಸಾಲು ಸಾಕಿತ್ತು.

ಆ ವಾಕ್ಯ ವ್ಯಾಜ್ಯದ ತಿರುಳಿಗೆ ಸೇರಿದ್ದಲ್ಲ, ಪೂರ್ವನಿದರ್ಶನವಾಗಿ ಬಂಧಿಸುವುದಿಲ್ಲ ಎಂದು ಕಾನೂನು ಬಲ್ಲವರು ಸಮಾಧಾನ ಹೇಳಬಹುದು. ಆದರೆ ವರ್ಗಾವಣೆಯ ಅರ್ಜಿಗಳು ನಿರ್ಧಾರವಾಗುವುದು ಇಂಥ ಪುಟ್ಟ ಆದೇಶಗಳ ಮೇಲೆಯೇ. ನಾಳೆ ವಿಮಾ ಕಂಪನಿಯೊಂದು ಕಲಬುರಗಿಯ ದಾವೆಯನ್ನು ಭೋಪಾಲಕ್ಕೆ ಎಳೆಯಬೇಕೆಂದಾಗ, ಕನ್ನಡವಷ್ಟೇ ಬಲ್ಲ ವಿಧವೆಗೆ ಭಾಷೆಯ ತೊಡಕಿಲ್ಲವೆಂದು ಉದ್ಧರಿಸಲು ವಾಕ್ಯ ಸಿದ್ಧವಿದೆ.

ಇದರ ಜೊತೆಗೆ, 2019ರ ತಿದ್ದುಪಡಿ ಅಪಘಾತದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವನ್ನು ಮರಳಿ ತಂದಿದೆ. 1994ರಲ್ಲಿ ಕಿತ್ತುಹಾಕಿದ್ದ ಗಡುವು ಅದು. 2022ರ ಏಪ್ರಿಲಿನಿಂದ ಜಾರಿಯಲ್ಲಿದ್ದು, ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ. ಊರು ಯಾವುದೆಂದು ತಿಳಿಯಲು ತಡಮಾಡಿದವರ ಮೇಲೆ ಇದು ಎರಡನೆಯ ಪೆಟ್ಟು.

ಅಪಘಾತದ ಸುದ್ದಿ ಬಂದಾಗ ದೂರದ ದೇಶದಲ್ಲಿರುವ ಬಂಧುಗಳು ಸಾಮಾನ್ಯವಾಗಿ ಮೊದಲು ಹಣ ಕಳುಹಿಸುತ್ತಾರೆ. ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಮೊದಲ ಅರ್ಜಿ ಯಾರು, ಎಲ್ಲಿ ಹಾಕಿದರು? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಪ್ರಕರಣದಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟಿದ್ದರೂ ಉಚಿತ ವಕೀಲರಿಗೆ ಅರ್ಹರು. ವರ್ಗಾವಣೆ ಕೇಳುವುದಕ್ಕೂ, ವಿರೋಧಿಸುವುದಕ್ಕೂ. ಅದಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಮನವಿ ಕೊಡಬೇಕು. ಅದರ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ.