ನೆರಳು ಕಲಿಸಿದ ಪಾಠ

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೆಲವು ವರ್ಷಗಳ ಹಿಂದೆ ಡಿಸೆಂಬರ್ ರಜೆಯಲ್ಲಿ ನಾವು ಒಂದಷ್ಟು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಪರಿಚಿತರ ಅಡಿಕೆ ತೋಟದಲ್ಲಿ ಮೂರು ದಿನ ಡೇರೆ ಹಾಕಿ ತಂಗಿದ್ದೆವು. ಮೊಬೈಲ್‌ಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತೋಟದ ಮನೆಯಲ್ಲಿ ಇಟ್ಟಿದ್ದೆವು. ಎರಡನೆಯ ದಿನ ನನ್ನ ಕೈಗಡಿಯಾರ ನಿಂತುಹೋಯಿತು. ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಎಂಟನೆಯ ತರಗತಿಯ ಹುಡುಗನೊಬ್ಬ ಬಂದು, "ಸರ್, ಅಸ್ರ್ ಸಮಯ ಆಯ್ತಾ?" ಎಂದು ಕೇಳಿದ. ನಾನು ಆಕಾಶ ನೋಡಿದೆ. ಉತ್ತರ ತಿಳಿಯಲಿಲ್ಲ.

ಮೂವತ್ತು ವರ್ಷಗಳಿಂದ ನಮಾಝ್ ಮಾಡುತ್ತಿರುವವನು ನಾನು. ಆದರೆ ಸೂರ್ಯನನ್ನು ನೋಡಿ ಒಂದು ದಿನವೂ ಸಮಯ ತಿಳಿದವನಲ್ಲ. ನನ್ನ ತಂದೆಯವರಿಗೆ ಅದು ತಿಳಿದಿತ್ತು. ಕೂಲಿ ಮಾಡಿ ನಮ್ಮನ್ನು ಓದಿಸಿದವರು, ಅಕ್ಷರ ಬಾರದವರು. ಅಂಗಳದ ತೆಂಗಿನ ಮರದ ನೆರಳು ನೋಡಿ, ಕತ್ತಿ ಕೆಳಗಿಟ್ಟು ವುಝೂ ಮಾಡಲು ಎದ್ದುಬಿಡುತ್ತಿದ್ದರು. ಕಾಲೇಜು ಸೇರಿದ ನನಗೆ ಅವರ ಅನಕ್ಷರತೆಯ ಬಗ್ಗೆ ಒಳಗೊಳಗೇ ನಾಚಿಕೆ. ಆ ವಿದ್ಯೆ ಏನೆಂದು ಕೇಳಲೇ ಇಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಮರುದಿನ ನಾವೆಲ್ಲ ಸೇರಿ ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟೆವು. ನೆರಳಿನ ತುದಿಗೆ ಆಗಾಗ ಕಲ್ಲಿಟ್ಟೆವು. ಸೂರ್ಯ ನೆತ್ತಿಯ ಹತ್ತಿರ ಬಂದಾಗ ನೆರಳು ಅತ್ಯಂತ ಗಿಡ್ಡವಾಗಿ, ಉತ್ತರಕ್ಕೆ ಮುಖ ಮಾಡಿ ಮುಕ್ಕಾಲು ಮೀಟರಿನಷ್ಟಿತ್ತು. ಅದು ಮತ್ತೆ ಬೆಳೆಯತೊಡಗಿದರೆ ಝುಹ್ರ್. ಆ ಗಿಡ್ಡ ನೆರಳಿಗೆ ಕೋಲಿನ ಉದ್ದ ಕೂಡಿದಾಗ ಶಾಫಿಈ ಮದ್‌ಹಬಿನಂತೆ ಅಸ್ರ್. ಕೋಲಿನ ಎರಡು ಪಟ್ಟು ಕೂಡಿದಾಗ ಹನಫಿ ಮದ್‌ಹಬಿನಂತೆ ಅಸ್ರ್. ಏಪ್ರಿಲ್ ಕೊನೆಯ ವಾರದಲ್ಲಿ ಇದೇ ಕೋಲು ನೆಟ್ಟರೆ ನಡು ಮಧ್ಯಾಹ್ನದ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಒಂದು ನಿಮಿಷ ಸುಮ್ಮನೆ ಕೂರಲಾರದ ಹುಡುಗರು ಅಂದು ನೆರಳಿನ ಮುಂದೆ ಗಂಟೆಗಟ್ಟಲೆ ಕುಳಿತರು. ಅಂದಿನ ಅಸ್ರ್ ನಮಾಝಿನಲ್ಲಿ ನನ್ನ ಮನಸ್ಸು ಎಂದಿನಂತೆ ಅಲೆದಾಡಲಿಲ್ಲ. ಅಷ್ಟು ಹೊತ್ತು ಕಾದಿದ್ದಕ್ಕೆ ಸಿಕ್ಕಿದ ಫಲ ಅದು.

ಬಂಧುಗಳೇ, ಇದು ನಮಗೆ ಹೊಸದೇನಲ್ಲ. ಪವಿತ್ರ ಕುರ್‌ಆನಿನ ವಾಕ್ಯಕ್ಕೂ ಪ್ರಕೃತಿಯ ದೃಷ್ಟಾಂತಕ್ಕೂ ಇರುವ ಪದ ಒಂದೇ - ಆಯತ್. ಜೇನುನೊಣ, ಇರುವೆ, ಜೇಡ, ಅಂಜೂರ, ಸೂರ್ಯ, ಚಂದ್ರ ಇವೆಲ್ಲ ಅದರ ಅಧ್ಯಾಯಗಳ ಹೆಸರುಗಳು. ಪ್ರವಾದಿ ಮುಹಮ್ಮದ್ (ಸ) ಎಳವೆಯಲ್ಲಿ ಕುರಿ ಮೇಯಿಸಿದವರು. ಮಕ್ಕಾದ ಗದ್ದಲ ಬಿಟ್ಟು ಹಿರಾ ಗುಹೆಯಲ್ಲಿ ದಿನಗಟ್ಟಲೆ ಚಿಂತನೆಯಲ್ಲಿರುತ್ತಿದ್ದವರು. ಓದಬೇಕೆಂಬ ಮೊದಲ ಆಜ್ಞೆ ಅವರಿಗೆ ಬಂದದ್ದು ಕ್ರಿ.ಶ. 610ರಲ್ಲಿ, ಅದೇ ಗುಹೆಯಲ್ಲಿ. ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ಅವರು ವುಝೂ ಮಾಡುತ್ತಿದ್ದರು. ತೋಟದಲ್ಲಿ ಹಳ್ಳದಿಂದ ನೀರು ಹೊತ್ತು ತಂದ ಹುಡುಗರಿಗೆ ಆ ಮಾತಿನ ಅರ್ಥ ಯಾರೂ ವಿವರಿಸಬೇಕಾಗಲಿಲ್ಲ.

ಪಕ್ಷಿತಜ್ಞ ಸಲೀಂ ಅಲಿ (1896-1987) ಅವರನ್ನು ನೆನಪಿಸಿಕೊಳ್ಳಿ. ಬಾಲ್ಯದಲ್ಲಿ ಅವರು ಹೊಡೆದುರುಳಿಸಿದ ಗುಬ್ಬಿಯೊಂದರ ಕುತ್ತಿಗೆ ಹಳದಿಯಾಗಿತ್ತು. ಅದು ಯಾವ ಹಕ್ಕಿಯೆಂದು ಕೇಳಲು ಅವರು ಮುಂಬೈಯ ನಿಸರ್ಗ ಇತಿಹಾಸ ಸಂಘದ ಬಾಗಿಲಿಗೆ ಹೋದರು. ಆ ಒಂದು ಪ್ರಶ್ನೆ ಅವರ ಇಡೀ ಬದುಕಾಯಿತು. 1976ರಲ್ಲಿ ದೇಶ ಅವರಿಗೆ ಪದ್ಮವಿಭೂಷಣ ನೀಡಿತು. ಕಣ್ಣು ತೆರೆದು ನೋಡುವವನಿಗೆ ಪ್ರಶ್ನೆ ಹುಟ್ಟುತ್ತದೆ, ಪ್ರಶ್ನೆಯಿಂದ ವಿದ್ಯೆ ಹುಟ್ಟುತ್ತದೆ.

ವಿದ್ಯಾರ್ಥಿಗಳೇ, ಪರೀಕ್ಷೆ, ಅಂಕ, ಉದ್ಯೋಗ ಎಲ್ಲವೂ ಬೇಕು. ನಮ್ಮ ಸಮುದಾಯ ಶಿಕ್ಷಣದಲ್ಲಿ ಇನ್ನೂ ಬಹಳ ದೂರ ಸಾಗಬೇಕಿದೆ. ಆದರೆ ಪದವಿ ಪಡೆಯುವ ಭರದಲ್ಲಿ ಹಿರಿಯರಿಗಿದ್ದ ಅರಿವನ್ನು ಕಳೆದುಕೊಂಡರೆ ಆ ನಷ್ಟವನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ. ನನಗಾದ ನಷ್ಟ ನಿಮಗಾಗಬಾರದು.

ಆದುದರಿಂದ ನಿಮ್ಮಲ್ಲಿ ಮೂರು ವಿನಂತಿ. ಮನೆಯಂಗಳದಲ್ಲೋ ತಾರಸಿಯಲ್ಲೋ ಒಂದು ಕೋಲು ನೆಟ್ಟು ಒಂದು ವಾರ ನೆರಳು ಗಮನಿಸಿ. ಫಜ್ರ್ ಬಳಿಕ ಮತ್ತೆ ಮಲಗದೆ, ಮೊಬೈಲ್ ಮುಟ್ಟದೆ, ಅರ್ಧ ಗಂಟೆ ಹೊರಗೆ ಕುಳಿತು ಬೆಳಕು ಹರಿಯುವುದನ್ನು ನೋಡಿ. ರಜೆಯಲ್ಲಿ ಹಿರಿಯರ ಜೊತೆ ತೋಟದಲ್ಲೋ ಕಡಲ ತೀರದಲ್ಲೋ ಒಂದೆರಡು ದಿನ ಕಳೆಯಿರಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿಗೆ ಹೋಗಬೇಡಿ, ಆನೆ ಓಡಾಡುವ ಕಡೆ ಡೇರೆ ಹಾಕಬೇಡಿ.

ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಇಂದೇ ಹೋಗಿ ಅವರ ಪಕ್ಕ ಕುಳಿತುಕೊಳ್ಳಿ. ಗಡಿಯಾರ ಇಲ್ಲದ ಕಾಲದಲ್ಲಿ ಸಮಯ ಹೇಗೆ ತಿಳಿಯುತ್ತಿದ್ದರೆಂದು ಕೇಳಿ. ಅವರು ಸಂತೋಷದಿಂದ ಹೇಳುತ್ತಾರೆ.

ನೋಡುವ ಕಣ್ಣನ್ನೂ ಅರಿಯುವ ಹೃದಯವನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.